ತೂಕ ಇಳಿದ ಮೇಲಿನ ಕೆಲಸ

(ಮಹಾಸಂಘದ ಮಾಸಿಕ ಸಭೆಯಲ್ಲಿ ನೀಡಿದ ಆರೋಗ್ಯ ಮಾಹಿತಿಯ ಬರಹ ರೂಪ)



ಉಳಿತಾಯ, ಆಂತರಿಕ ಸಾಲ, ಮರುಪಾವತಿ, ರಕ್ತಹೀನತೆ, ಮಕ್ಕಳ ಶಿಕ್ಷಣ ಇವುಗಳ ಬಗ್ಗೆ ನಾವು ಈ ಸಭೆಗಳಲ್ಲಿ ಎಷ್ಟೋ ಸಲ ಮಾತಾಡಿದ್ದೇವೆ. ಇವತ್ತಿನ ವಿಷಯ ಸ್ವಲ್ಪ ಬೇರೆ. ಬೊಜ್ಜು ಕಡಿಮೆ ಮಾಡಲು ಹೊಟ್ಟೆಯೊಳಗೆ ಬ್ಯಾಂಡ್ ಹಾಕಿಸಿಕೊಂಡು, ಕಷ್ಟಪಟ್ಟು ತೂಕ ಇಳಿಸಿದವರು, ಇಳಿದ ತೂಕವನ್ನು ಹಾಗೆಯೇ ಇಟ್ಟುಕೊಳ್ಳುವುದು ಹೇಗೆ ಎಂಬುದು ವಿಷಯ. ಕಾರ್ಯಕ್ರಮದ ಪಟ್ಟಿ ನೋಡಿದ ಕೂಡಲೇ ಒಬ್ಬರು, "ಇದೆಲ್ಲ ಹಣ ಇದ್ದವರ ವಿಷಯ ಅಲ್ವಾ ಸಿಸ್ಟರ್, ನಮಗೆ ಎಂತಕ್ಕೆ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಅಧಿಕ ತೂಕ ಅಥವಾ ಬೊಜ್ಜು ಇದ್ದವರು 2015-16ರಲ್ಲಿ ಶೇಕಡಾ 23ರಷ್ಟಿದ್ದರು. 2019-21ರ ಸಮೀಕ್ಷೆಯಲ್ಲಿ ಅದು ಶೇಕಡಾ 30ಕ್ಕೆ ಏರಿತು. ಅಂದರೆ ಹತ್ತು ಮಂದಿಯ ಸಂಘದಲ್ಲಿ ಮೂವರು. ಇದು ಹಣ ಇದ್ದವರ ಮನೆಯ ಕಾಯಿಲೆ ಎಂದು ಈಗ ಹೇಳುವ ಹಾಗಿಲ್ಲ. ಇನ್ನೊಂದು, ನಮ್ಮ ಊರುಗಳಿಂದ ಗಲ್ಫಿಗೆ ಹೋದ ಕುಟುಂಬಗಳಲ್ಲಿ ಕೆಲವರು ಅಲ್ಲಿಯೇ ಬ್ಯಾಂಡ್ ಹಾಕಿಸಿಕೊಂಡು ಊರಿಗೆ ಬಂದಿದ್ದಾರೆ. ನಮ್ಮ ಸಂಘಗಳಲ್ಲಿಯೂ ಅಂಥವರು ಇದ್ದಾರೆ. ಹೆಸರು ಹೇಳುವುದಿಲ್ಲ, ನೀವೂ ಅಕ್ಕಪಕ್ಕ ನೋಡಬೇಡಿ.

ಮೊದಲು ಈ ಬ್ಯಾಂಡ್ ಅಂದರೆ ಏನು ಅಂತ ತಿಳಿಯೋಣ. ಅದು ಸಿಲಿಕಾನಿನ ಒಂದು ಉಂಗುರ. ಜಠರದ ಮೇಲಿನ ಭಾಗಕ್ಕೆ ಅದನ್ನು ಸುತ್ತಿ ಕಟ್ಟುತ್ತಾರೆ. ಆಗ ಜಠರದ ಮೇಲ್ಗಡೆ ಒಂದು ಪುಟ್ಟ ಚೀಲದ ಹಾಗೆ ಆಗುತ್ತದೆ, ಕೆಳಗೆ ದೊಡ್ಡ ಭಾಗ ಹಾಗೆಯೇ ಉಳಿಯುತ್ತದೆ. ಉಂಗುರದ ಒಳಮೈಯಲ್ಲಿ ಸಣ್ಣ ಬಲೂನು ಉಂಟು. ಅದರಿಂದ ಒಂದು ಸಪೂರ ಕೊಳವೆ ಬಂದು ಹೊಟ್ಟೆಯ ಚರ್ಮದ ಅಡಿಯಲ್ಲಿ ಒಂದು ಗುಂಡಿಯ ಹಾಗಿರುವ ಪೋರ್ಟ್‌ಗೆ ಸೇರುತ್ತದೆ. ಡಾಕ್ಟರು ಆ ಪೋರ್ಟ್‌ಗೆ ಸೂಜಿ ಚುಚ್ಚಿ ಸಲೈನ್ ನೀರು ಹಾಕಿದರೆ ಬ್ಯಾಂಡ್ ಬಿಗಿಯಾಗುತ್ತದೆ, ತೆಗೆದರೆ ಸಡಿಲವಾಗುತ್ತದೆ. ಸ್ವಲ್ಪ ಊಟಕ್ಕೇ ಹಸಿವು ತಣಿಯಬೇಕು, ಅದು ಹೆಚ್ಚು ಹೊತ್ತು ನಿಲ್ಲಬೇಕು, ಇಷ್ಟೇ ಅದರ ಕೆಲಸ. ಅಮೆರಿಕದಲ್ಲಿ 2001ರಲ್ಲಿ ಇದಕ್ಕೆ ಸರಕಾರದ ಅನುಮತಿ ಸಿಕ್ಕಿತು. ಆಮೇಲೆ ಕೆಲವು ವರ್ಷ ಲೋಕದಲ್ಲೆಲ್ಲ ಇದರದ್ದೇ ಮಾತು. ಈಗ ಹೊಸದಾಗಿ ಬ್ಯಾಂಡ್ ಹಾಕುವುದು ಬಹಳ ಕಡಿಮೆ. ಜಠರದ ಒಂದು ದೊಡ್ಡ ಭಾಗವನ್ನೇ ಕತ್ತರಿಸಿ ತೆಗೆಯುವ ಆಪರೇಷನ್ ಹೆಚ್ಚು ನಡೆಯುತ್ತಿದೆ. ಆದರೆ ಮೊದಲು ಹಾಕಿಸಿಕೊಂಡವರ ಹೊಟ್ಟೆಯಲ್ಲಿ ಬ್ಯಾಂಡ್ ಇನ್ನೂ ಇದೆ, ಅವರ ಬದುಕು ಮುಂದುವರಿಯಬೇಕು.

ಬ್ಯಾಂಡ್ ಹಾಕಿದ ಮೇಲೆ ತೂಕ ನಿಧಾನವಾಗಿ ಇಳಿಯುತ್ತದೆ, ಒಂದೂವರೆ ಎರಡು ವರ್ಷ ಬೇಕು. ಸಾಮಾನ್ಯವಾಗಿ ಹೆಚ್ಚಾಗಿರುವ ತೂಕದ ಅರ್ಧದಷ್ಟು ಹೋಗುತ್ತದೆ. ಒಬ್ಬಾಕೆ 155 ಸೆಂಟಿಮೀಟರ್ ಎತ್ತರ, 92 ಕಿಲೋ ತೂಕ ಅಂತ ಇಟ್ಟುಕೊಳ್ಳಿ. ಆ ಎತ್ತರಕ್ಕೆ 60 ಕಿಲೋದ ಒಳಗೆ ಇರಬೇಕು. ಹೆಚ್ಚುವರಿ 32 ಕಿಲೋ. ಅದರ ಅರ್ಧ 16 ಹೋಗಿ 76 ಕಿಲೋಗೆ ಬಂದರೆ ಆಪರೇಷನ್ ಫಲ ಕೊಟ್ಟಿತು ಎಂದೇ ಡಾಕ್ಟರರು ಹೇಳುವುದು. ಸಿನಿಮಾ ನಟಿಯ ಹಾಗೆ ಆಗುತ್ತೇನೆ ಎಂದುಕೊಂಡವಳಿಗೆ ಇದು ನಿರಾಶೆ ತರಬಹುದು. ಆದರೆ ಆ 16 ಕಿಲೋ ಹೋದದ್ದರಿಂದ ಮೊಣಕಾಲು ನೋವು ಕಡಿಮೆಯಾಗುತ್ತದೆ, ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ, ಮೆಟ್ಟಿಲು ಹತ್ತುವಾಗ ಏದುಸಿರು ಬರುವುದು ತಪ್ಪುತ್ತದೆ. ಉಳಿಸಿಕೊಳ್ಳಬೇಕಾದ್ದು ಇದನ್ನು.

ಈಗ ಕಷ್ಟದ ಮಾತಿಗೆ ಬರೋಣ. ಸ್ವೀಡನ್ ದೇಶದಲ್ಲಿ 1987ರಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನ ಉಂಟು. ಬೊಜ್ಜಿನ ಆಪರೇಷನ್ ಮಾಡಿಸಿಕೊಂಡವರನ್ನು ಎಷ್ಟೋ ವರ್ಷ ಬಿಡದೆ ನೋಡಿದರು. ಅವರಲ್ಲಿ ಬ್ಯಾಂಡ್ ಹಾಕಿಸಿಕೊಂಡವರಿಗೆ ಮೊದಲ ಒಂದೆರಡು ವರ್ಷದಲ್ಲಿ ಇದ್ದ ತೂಕದ ಶೇಕಡಾ 20ರಷ್ಟು ಇಳಿಯಿತು. ಹತ್ತು ವರ್ಷದ ಮೇಲೆ ನೋಡಿದಾಗ ಉಳಿದದ್ದು ಶೇಕಡಾ 14. ಅಂದರೆ 100 ಕಿಲೋ ಇದ್ದವರು 80ಕ್ಕೆ ಇಳಿದು, ನಿಧಾನಕ್ಕೆ 86ಕ್ಕೆ ಬಂದರು. ಇದು ಸರಾಸರಿ. ಕೆಲವರಿಗೆ ಏನೂ ಏರಲಿಲ್ಲ, ಕೆಲವರಿಗೆ ಹೋದದ್ದೆಲ್ಲ ತಿರುಗಿ ಬಂತು.

ಯಾಕೆ ಹೀಗೆ? ನಮ್ಮ ದೇಹಕ್ಕೆ ನಾವು ಬೇಕೆಂದೇ ಸಪೂರ ಆದೆವೋ, ಬರಗಾಲ ಬಂತೋ ಗೊತ್ತಾಗುವುದಿಲ್ಲ. ತೂಕ ಇಳಿದ ಕೂಡಲೇ ಅದು ಖರ್ಚು ಕಡಿಮೆ ಮಾಡುತ್ತದೆ, ಹಸಿವು ಹೆಚ್ಚು ಮಾಡುತ್ತದೆ. 92 ಕಿಲೋ ಇದ್ದಾಗ ನಡೆದಾಡಲು, ಕೆಲಸ ಮಾಡಲು ಎಷ್ಟು ಶಕ್ತಿ ಬೇಕಿತ್ತೋ 76 ಕಿಲೋದಲ್ಲಿ ಅಷ್ಟು ಬೇಡ. ಆದ್ದರಿಂದ ಗುರಿ ಮುಟ್ಟಿದ ದಿನವೇ "ಇನ್ನು ಮೊದಲಿನ ಹಾಗೆ ಉಣ್ಣಬಹುದು" ಎಂದರೆ ಲೆಕ್ಕ ತಪ್ಪುತ್ತದೆ. 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ತೂಕ ಇಳಿಸುವ ಇಂಜೆಕ್ಷನ್‌ಗಳ ಬಗ್ಗೆಯೂ ಕೆಲವರು ಕೇಳುತ್ತೀರಿ. ಅಲ್ಲಿಯೂ ಇದೇ ಕಥೆ. ಇಂಜೆಕ್ಷನ್ ನಿಲ್ಲಿಸಿದರೆ ಹೋದ ತೂಕದ ಬಹುಭಾಗ ಹಿಂದೆ ಬರುತ್ತದೆ.

ಹಾಗಾಗಿ ತೂಕ ಮರಳಿದವಳನ್ನು "ಬಾಯಿ ಕಟ್ಟಲಿಕ್ಕೆ ಆಗದವಳು" ಎಂದು ಹೀಯಾಳಿಸುವುದು ಸರಿಯಲ್ಲ. ಹೊಟ್ಟೆಬಾಕತನ ಏಳು ಪ್ರಧಾನ ಪಾಪಗಳಲ್ಲಿ ಒಂದು ಎಂದು ಧರ್ಮೋಪದೇಶದಲ್ಲಿ ನಾವೆಲ್ಲ ಕಲಿತದ್ದು ಹೌದು. ಆದರೆ ತೂಕದ ಯಂತ್ರ ಪಾಪ ಅಳೆಯುವ ಯಂತ್ರ ಅಲ್ಲ.

ಬ್ಯಾಂಡ್ ಇದ್ದರೂ ತೂಕ ಏರುವುದು ಯಾವ ದಾರಿಯಲ್ಲಿ? ಬ್ಯಾಂಡ್ ತಡೆಯುವುದು ಗಟ್ಟಿ ಆಹಾರವನ್ನು. ನೀರಿನ ಹಾಗೆ ಇರುವುದು, ಬಾಯಲ್ಲೇ ಕರಗುವುದು ಸಲೀಸಾಗಿ ಇಳಿದು ಹೋಗುತ್ತದೆ. ಐಸ್‌ಕ್ರೀಂ, ಪಾಯಸ, ಜ್ಯೂಸ್, ಚಹಾದಲ್ಲಿ ಅದ್ದಿದ ಬಿಸ್ಕೆಟ್, ಚಿಪ್ಸ್, ಚಾಕಲೇಟ್ ಇವಕ್ಕೆ ಯಾವ ಗೇಟೂ ಇಲ್ಲ. ಗಂಜಿ ಕುಡಿದರೆ ಹೊಟ್ಟೆ ತುಂಬಿದ ಹಾಗೆ ಆಗಿ ಬೇಗನೆ ಹಸಿವಾಗುತ್ತದೆ. ಮೀನು, ಕಾಳು, ಪಲ್ಯ ಇರುವ ಗಟ್ಟಿ ಊಟ ಮಾಡಿದರೇ ಬ್ಯಾಂಡ್‌ಗೆ ಕೆಲಸ.

ಇಲ್ಲಿ ಬಹಳ ಮಂದಿಗೆ ತಿಳಿಯದ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ತೂಕ ಸ್ವಲ್ಪ ಏರಿದ ಕೂಡಲೇ "ಬ್ಯಾಂಡ್ ಇನ್ನೂ ಬಿಗಿ ಮಾಡಿಸಿದರೆ ಆಯಿತು" ಅಂತ ಅಂದುಕೊಳ್ಳುತ್ತಾರೆ. ಕೆಲವೊಮ್ಮೆ ಅದು ಸರಿ. ಎರಡು ಊಟದ ನಡುವೆ ಹಸಿವು, ದೊಡ್ಡ ತಟ್ಟೆ ಊಟ ಮಾಡಿದರೂ ಏನೂ ಅನ್ನಿಸದೆ ಇರುವುದು, ಇವು ಬ್ಯಾಂಡ್ ಸಡಿಲ ಇರುವ ಲಕ್ಷಣ. ಆದರೆ ಅತಿ ಬಿಗಿಯಾದರೂ ತೂಕ ಏರುತ್ತದೆ! ಕೇಳಲು ವಿಚಿತ್ರ, ಆದರೆ ನಿಜ. ಬಿಗಿಯಾದಾಗ ಅನ್ನ ಇಳಿಯುವುದಿಲ್ಲ, ಮೀನು ಇಳಿಯುವುದಿಲ್ಲ, ತಿಂದದ್ದು ವಾಂತಿ. ಆಗ ಪಾಪ, ಅವಳು ಇಳಿಯುವಂಥದ್ದನ್ನೇ ಹುಡುಕುತ್ತಾಳೆ. ಇಳಿಯುವುದು ಯಾವುದು? ಐಸ್‌ಕ್ರೀಂ, ಬಿಸ್ಕೆಟ್, ಸಿಹಿ ಹಾಲು. ದಿನಾ ವಾಂತಿ ಮಾಡಿಯೂ ದಪ್ಪ ಆಗುತ್ತಾಳೆ, ಜೊತೆಗೆ ಸುಸ್ತು, ಕೂದಲು ಉದುರುವುದು. ಮಲಗಿದಾಗ ಕೆಮ್ಮು, ಹುಳಿ ತೇಗು, ಅನ್ನ ಸಿಕ್ಕಿಕೊಂಡ ಹಾಗೆ ಆಗುವುದು, ಮೆತ್ತಗಿನದ್ದು ಮಾತ್ರ ಬೇಕೆನಿಸುವುದು, ಇವು ಬಿಗಿ ಹೆಚ್ಚಾದ ಲಕ್ಷಣ. ಅಂಥವಳಿಗೆ ಬೇಕಾದ್ದು ಬ್ಯಾಂಡ್ ಸಡಿಲ ಮಾಡಿಸುವುದು. ಸಡಿಲವೋ ಬಿಗಿಯೋ ಎಂಬುದನ್ನು ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ, ಡಾಕ್ಟರಲ್ಲಿಗೆ ಹೋಗಿ.

ನಮಗೆ ಪರಿಚಯದ ಒಬ್ಬ ಸಹೋದರಿಯ ವಿಷಯ ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. 98 ಕಿಲೋ ಇದ್ದವರು ಎರಡು ವರ್ಷದಲ್ಲಿ 74ಕ್ಕೆ ಬಂದರು. ಊರಿಗೆ ಬಂದಾಗ ನಾವು ಏನು ಹೇಳಿದೆವು? "ಎಂತ ಮಾರಾಯ್ತಿ, ಸೊರಗಿದ್ದಿ, ಶುಗರ್ ಉಂಟಾ? ಮುಖದಲ್ಲಿ ಕಳೆಯೇ ಇಲ್ಲ." ಹೋದ ಮನೆಯಲ್ಲೆಲ್ಲ ತಟ್ಟೆಗೆ ಬಡಿಸಿದ್ದೇ ಬಡಿಸಿದ್ದು. ಬೇಡ ಅಂದರೆ "ಗಲ್ಫಿನವರಿಗೆ ನಮ್ಮ ಊಟ ಹಿಡಿಸುವುದಿಲ್ಲ" ಎಂಬ ಕೊಂಕು. ಮೂರು ವರ್ಷದಲ್ಲಿ 9 ಕಿಲೋ ಏರಿತು. ಆಗ ಅದೇ ಬಾಯಿಗಳು, "ಅಷ್ಟು ದುಡ್ಡು ಸುರಿದು ಆಪರೇಷನ್ ಮಾಡಿಸಿದರೂ ಪುನಃ ದಪ್ಪ ಆದಳಲ್ಲ" ಎಂದವು. ಅವರು ಸಂಘದ ಸಭೆಗೆ ಬರುವುದನ್ನೇ ಬಿಟ್ಟರು. ಉಳಿತಾಯದ ಹಣವನ್ನು ಮಗಳ ಕೈಯಲ್ಲಿ ಕಳುಹಿಸುತ್ತಿದ್ದರು. ಡಾಕ್ಟರಲ್ಲಿಗೂ ಹೋಗಲಿಲ್ಲ, ಬೈಯುತ್ತಾರೆ ಎಂಬ ಹೆದರಿಕೆ. ಪ್ರೇರಕಿ ಮನೆಗೆ ಹೋಗಿ ಎರಡು ಮೂರು ಸಲ ಮಾತಾಡಿದ ಮೇಲೆ ಗೊತ್ತಾಯಿತು, ಒಂದು ವರ್ಷದಿಂದ ಅವರಿಗೆ ರಾತ್ರಿ ಊಟ ಇಳಿಯುತ್ತಿರಲಿಲ್ಲ. ಚಹಾ ಬಿಸ್ಕೆಟಿನಲ್ಲೇ ಇದ್ದರು. ಪರೀಕ್ಷೆ ಮಾಡಿಸಿದಾಗ ಬ್ಯಾಂಡ್ ಅತಿ ಬಿಗಿ. ಸ್ವಲ್ಪ ನೀರು ತೆಗೆದರು, ಮೀನು ಅನ್ನ ಇಳಿಯತೊಡಗಿತು. ಈಗ ತೂಕ ಏರುವುದು ನಿಂತಿದೆ, 3 ಕಿಲೋ ಇಳಿದಿದೆ. ಉಳಿದದ್ದು ಇಳಿಯುತ್ತದೋ ಇಲ್ಲವೋ, ಅದು ಮುಂದಿನ ಮಾತು. ನಾಚಿಕೆಯಿಂದ ಮನೆಯೊಳಗೆ ಕೂತದ್ದೇ ಅವರಿಗೆ ಹೆಚ್ಚು ಹಾನಿ ಮಾಡಿದ್ದು ಎಂದು ನಮ್ಮ ಅಭಿಪ್ರಾಯ.

ಆದ್ದರಿಂದ ಬ್ಯಾಂಡ್ ಇಲ್ಲದ ಸದಸ್ಯೆಯರಿಗೂ ಇಲ್ಲಿ ಕೆಲಸ ಉಂಟು. ಮನೆಗೆ ಬಂದವರಿಗೆ ಒತ್ತಾಯ ಮಾಡಿ ಬಡಿಸುವುದೇ ಪ್ರೀತಿ ಎಂದು ನಾವು ತಿಳಿದಿದ್ದೇವೆ. ಕ್ರಿಸ್‌ಮಸ್‌ಗೆ ಕುಸ್ವಾರ್ ತಟ್ಟೆ, ಮೊಂತಿ ಹಬ್ಬದ ಊಟ, ದೀಪಾವಳಿಯ ಸಿಹಿ, ಈದ್‌ನ ಬಿರಿಯಾನಿ, ಇವೆಲ್ಲ ಬೇಡ ಅನ್ನುವುದಿಲ್ಲ. ಒಂದು ತುಂಡು ತೆಗೆದುಕೊಂಡು ಸಾಕು ಎಂದವರಿಗೆ ಎರಡನೆಯದ್ದು ಹಾಕಬೇಡಿ. ಅಷ್ಟೇ.

ಊಟದ ಕ್ರಮ ಹೀಗೆ. ಸಣ್ಣ ತಟ್ಟೆ, ಸಣ್ಣ ಚಮಚ. ತುತ್ತು ಚಿಕ್ಕದಿರಲಿ, ನುಣ್ಣಗಾಗುವ ತನಕ ಅಗಿಯಿರಿ, ನುಂಗಿ ಸ್ವಲ್ಪ ಬಿಟ್ಟು ಮುಂದಿನ ತುತ್ತು. ಘಟ್ಟದ ಮೇಲಿನವರು ರಾಗಿ ಮುದ್ದೆಯನ್ನು ಅಗಿಯದೆ ನುಂಗುತ್ತಾರಲ್ಲ, ಬ್ಯಾಂಡ್ ಇದ್ದವರಿಗೆ ಅದು ಆಗುವ ಮಾತಲ್ಲ. ಮೆತ್ತಗಿನ ಬ್ರೆಡ್, ಪರೋಟ, ಅಂಟು ಅನ್ನ, ನಾರಿರುವ ಮಾಂಸ ಸಿಕ್ಕಿಕೊಳ್ಳುವುದು ಹೆಚ್ಚು. ತಟ್ಟೆಯಲ್ಲಿ ಮೊದಲು ಮೀನು, ಮೊಟ್ಟೆ, ಕಾಳು ತಿನ್ನಿ, ಆಮೇಲೆ ತರಕಾರಿ, ಕೊನೆಗೆ ಅನ್ನ. ನಾವು ಮಾಡುವುದು ಇದಕ್ಕೆ ಉಲ್ಟಾ, ತಟ್ಟೆ ತುಂಬ ಅನ್ನ, ಮೇಲೆ ಸಾರು, ಮೀನಿನ ತುಂಡು ಗಂಡನಿಗೂ ಮಕ್ಕಳಿಗೂ. ಬೊಜ್ಜಿನ ಆಪರೇಷನ್ ಆದವರಿಗೆ ದಿನಕ್ಕೆ ಸುಮಾರು 60 ಗ್ರಾಂ ಪ್ರೊಟೀನ್ ಬೇಕು ಎನ್ನುತ್ತಾರೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಮೀನಿನಲ್ಲಿ 18-20 ಗ್ರಾಂ ಸಿಗುತ್ತದೆ. ದುಬಾರಿ ಪುಡಿ ಡಬ್ಬ ಬೇಕಿಲ್ಲ, ಬೂತಾಯಿ, ಬಂಗುಡೆ, ಹುರುಳಿ, ಹೆಸರುಕಾಳು, ಮೊಸರು ಸಾಕು. ಕಾಳನ್ನು ಚೆನ್ನಾಗಿ ಬೇಯಿಸಿ. ಊಟದ ಜೊತೆ ನೀರು ಕುಡಿಯಬೇಡಿ, ಅರ್ಧ ಗಂಟೆ ಕಳೆದು ಕುಡಿಯಿರಿ. ಹೊಟ್ಟೆ ಭಾರ ಆಗುವ ತನಕ ಕಾಯಬೇಡಿ, ಹಸಿವು ಹೋಯಿತು ಎಂದಾಗ ಏಳಿ. ತಟ್ಟೆಯಲ್ಲಿ ಉಳಿದರೆ ಉಳಿಯಲಿ. ಮಕ್ಕಳು ಬಿಟ್ಟದ್ದನ್ನು ಎಸೆಯಬಾರದು ಅಂತ ತಾಯಂದಿರು ತಮ್ಮ ಹೊಟ್ಟೆಗೆ ಹಾಕಿಕೊಳ್ಳುತ್ತೀರಿ. ಅದನ್ನು ಕೋಳಿಗೆ ಹಾಕಿ. ನಾಳೆಯಿಂದ ಮಕ್ಕಳಿಗೆ ಕಡಿಮೆ ಬಡಿಸಿ.

ಚಹಾದ ಲೆಕ್ಕವೂ ಮಾಡೋಣ, ನೀವೆಲ್ಲ ಲೆಕ್ಕದಲ್ಲಿ ಗಟ್ಟಿ. ದಿನಕ್ಕೆ 5 ಗ್ಲಾಸ್ ಚಹಾ, ಗ್ಲಾಸಿಗೆ 2 ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಅಂದರೆ ದಿನಕ್ಕೆ 50 ಗ್ರಾಂ, 200 ಕ್ಯಾಲೊರಿ. ತಿಂಗಳಿಗೆ ಒಬ್ಬಳೇ ಒಂದೂವರೆ ಕಿಲೋ ಸಕ್ಕರೆ ಕುಡಿದಳು! ಊಟ ಎಷ್ಟು ಕಡಿಮೆ ಮಾಡಿದರೂ ಈ ಬಾಗಿಲು ತೆರೆದಿದ್ದರೆ ಏನು ಪ್ರಯೋಜನ? ಸಂಘದ ಸಭೆಯಲ್ಲಿ ಕೊಡುವ ಚಹಾದಿಂದಲೇ ಶುರು ಮಾಡಬಹುದು. ಸಕ್ಕರೆ ಬೇರೆ ಇಡಿ, ಬೇಕಾದವರು ಹಾಕಿಕೊಳ್ಳಲಿ.

ಅಮೆರಿಕದಲ್ಲಿ 1994ರಿಂದ ಒಂದು ನೋಂದಣಿ ನಡೆಯುತ್ತಿದೆ. ಸುಮಾರು ಹದಿಮೂರುವರೆ ಕಿಲೋಗಿಂತ ಹೆಚ್ಚು ಇಳಿಸಿ, ಕಡಿಮೆ ಪಕ್ಷ ಒಂದು ವರ್ಷ ಉಳಿಸಿಕೊಂಡವರ ಹೆಸರು ಅದರಲ್ಲಿ. ಅವರ ರೂಢಿ ಏನು ಅಂತ ಕೇಳಿದರೆ, ಹೆಚ್ಚಿನವರು ಬೆಳಿಗ್ಗೆ ತಿಂಡಿ ತಪ್ಪಿಸುವುದಿಲ್ಲ. ನಾಲ್ವರಲ್ಲಿ ಮೂವರು ವಾರಕ್ಕೊಮ್ಮೆಯಾದರೂ ತೂಕ ನೋಡುತ್ತಾರೆ. ಹತ್ತರಲ್ಲಿ ಒಂಬತ್ತು ಮಂದಿ ದಿನಕ್ಕೆ ಸರಾಸರಿ ಒಂದು ಗಂಟೆ ವ್ಯಾಯಾಮ ಮಾಡುತ್ತಾರೆ, ಹೆಚ್ಚಾಗಿ ನಡಿಗೆ. ಇದರಲ್ಲಿ ನಮ್ಮಿಂದ ಆಗದ್ದು ಯಾವುದೂ ಇಲ್ಲ. "ಮನೆಕೆಲಸವೇ ವ್ಯಾಯಾಮ ಸಿಸ್ಟರ್" ಅನ್ನುತ್ತೀರಿ. ಗದ್ದೆಯಲ್ಲಿ ದುಡಿಯುವವರಿಗೆ ಹೌದು. ಆದರೆ ಬೀಡಿ ಕಟ್ಟುವವರು ತಡ್ಪೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳಿಗ್ಗೆಯಿಂದ ಸಂಜೆ ತನಕ ಕೂತೇ ಇರುತ್ತಾರೆ. ಬೆರಳು ಮಾತ್ರ ಓಡುತ್ತದೆ. ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಎರಡು ಸುತ್ತು ಬನ್ನಿ, ಬೀಡಿ ಕೊಡಲು ಹೋಗುವಾಗ ರಿಕ್ಷಾ ಬಿಟ್ಟು ನಡೆಯಿರಿ. ಸಂಜೆ ಒಬ್ಬಳೇ ನಡೆದರೆ ಜನ ಏನಂತಾರೋ ಎಂಬ ಸಂಕೋಚ ಇದ್ದರೆ ಸಂಘದ ನಾಲ್ಕು ಮಂದಿ ಒಟ್ಟಿಗೆ ಹೋಗಿ.

ತೂಕ ನೋಡುವುದು ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ, ತಿಂಡಿಗೆ ಮೊದಲು. ಪಾಸ್ ಪುಸ್ತಕದ ಹಾಗೆ ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡಿ. ಮುಟ್ಟಿನ ದಿನಗಳಲ್ಲಿ ಒಂದು ಕಿಲೋ ಆಚೀಚೆ ಆಗುತ್ತದೆ, ಗಾಬರಿ ಬೇಡ. 2 ಕಿಲೋ ಏರಿ ಎರಡು ಮೂರು ವಾರ ಹಾಗೆಯೇ ನಿಂತರೆ ಕಾರಣ ಹುಡುಕಿ. 2 ಕಿಲೋ ಇಳಿಸುವುದು ಸುಲಭ, 10 ಕಿಲೋ ಆದ ಮೇಲೆ ಮನಸ್ಸೇ ಸೋಲುತ್ತದೆ. ಒಂದು ಸಂಘದಲ್ಲಿ ಉತ್ಸಾಹದಿಂದ ಎಲ್ಲರ ತೂಕವನ್ನು ಸಭೆಯಲ್ಲಿ ಗಟ್ಟಿಯಾಗಿ ಓದುವ ಕ್ರಮ ಶುರು ಮಾಡಿದ್ದರು. ದಯಮಾಡಿ ಅದು ಬೇಡ. ಸಾಲದ ಬಾಕಿ ಓದಬಹುದು, ತೂಕ ಓದಬಾರದು. ಬೇಕಾದರೆ ಇಬ್ಬರು ಜೊತೆಗಾತಿಯರು ತಮ್ಮೊಳಗೆ ನೋಡಿಕೊಳ್ಳಲಿ.

ವೈದ್ಯಕೀಯ ವಿಷಯ ಸ್ವಲ್ಪ ಇದೆ, ಗಮನ ಇಟ್ಟು ಕೇಳಿ. ಆಪರೇಷನ್ ಮಾಡಿದ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಬ್ಯಾಂಡ್‌ನ ಹೆಸರು, ಎಷ್ಟು ಎಂ.ಎಲ್. ನೀರು ಹಾಕಿದ್ದಾರೆ ಎಂಬ ಚೀಟಿ ಜೋಪಾನ ಮಾಡಿ. ಹೊರದೇಶದಲ್ಲಿ ಮಾಡಿಸಿದವರಿಗೆ ಇಲ್ಲಿನ ಡಾಕ್ಟರು ಸಹಾಯ ಮಾಡಲು ಅದು ಬೇಕೇ ಬೇಕು. ಪೋರ್ಟ್‌ಗೆ ಚುಚ್ಚಲು ವಿಶೇಷ ಸೂಜಿ ಇದೆ. ಸಾಧಾರಣ ಸೂಜಿಯಿಂದ ಚುಚ್ಚಿದರೆ ಪೋರ್ಟ್ ಸೋರುತ್ತದೆ. ಆದ್ದರಿಂದ ಈ ಕೆಲಸ ಗೊತ್ತಿರುವ ಸರ್ಜನ್ ಅವರಲ್ಲಿಗೇ ಹೋಗಿ. ತೂಕ ಸರಿಯಾಗಿದ್ದರೂ ವರ್ಷಕ್ಕೊಮ್ಮೆ ತಪಾಸಣೆ ಬೇಕು, ಯಾಕೆಂದರೆ ಬ್ಯಾಂಡ್ ಜಾರುವುದುಂಟು, ಜಠರದ ಗೋಡೆಯನ್ನು ಕೊರೆದು ಒಳಗೆ ಹೋಗುವುದೂ ಉಂಟು. ರಕ್ತದಲ್ಲಿ ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ ನೋಡಿಸಿ. ಹಲವು ದಿನ ವಾಂತಿ ಆದರೆ ಬಿ1 ಎಂಬ ಜೀವಸತ್ವ ಕಡಿಮೆಯಾಗಿ ನರಗಳಿಗೇ ಏಟು ಬೀಳುತ್ತದೆ. ಮೈಕೈ ನೋವಿಗೆ ಮೆಡಿಕಲ್‌ನಿಂದ ನೀವೇ ತಂದು ನುಂಗುವ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಕೇಳದೆ ತೆಗೆದುಕೊಳ್ಳಬೇಡಿ. ತೂಕ ಇಳಿದದ್ದರಿಂದ ಶುಗರ್, ಬಿ.ಪಿ. ಮಾತ್ರೆ ಕಡಿಮೆ ಮಾಡಿದ್ದರೆ, ತೂಕ ಏರಿದಾಗ ಪುನಃ ಪರೀಕ್ಷೆ ಮಾಡಿಸಿ. ಬ್ಯಾಂಡ್ ಇರುವವರು ಗರ್ಭಿಣಿಯಾದರೆ ಆರಂಭದಲ್ಲೇ ಹೇಳಿ, ಅಗತ್ಯ ಇದ್ದರೆ ಸಡಿಲ ಮಾಡುತ್ತಾರೆ. ಉಪವಾಸ ಹಿಡಿಯುವವರು, ತಪಸ್ಸು ಕಾಲದಲ್ಲಾಗಲಿ, ರಂಜಾನ್ ಅಥವಾ ನವರಾತ್ರಿಯಲ್ಲಾಗಲಿ, ಮೊದಲು ಡಾಕ್ಟರನ್ನು ಕೇಳಿ. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಇದೆ. ಇಡೀ ದಿನ ಹಸಿದು ರಾತ್ರಿ ಒಮ್ಮೆಲೇ ತಿನ್ನುವುದು ಬ್ಯಾಂಡ್ ಇದ್ದವರಿಗೆ ಒಳ್ಳೆಯದಲ್ಲ.

ನೀರು, ಉಗುಳು ಸಹ ನುಂಗಲು ಆಗದಿದ್ದರೆ, ತಡೆಯಲಾರದ ಹೊಟ್ಟೆನೋವು ಬಂದರೆ, ವಾಂತಿ ನಿಲ್ಲದಿದ್ದರೆ ಬೆಳಗಾಗಲಿ ಅಂತ ಕಾಯಬಾರದು. ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಿ, "ಬ್ಯಾಂಡ್ ಉಂಟು" ಎಂದು ಮೊದಲ ಮಾತಿಗೇ ಹೇಳಿ.

ಕೊನೆಗೆ ಹಣದ ವಿಷಯ. ಬೊಜ್ಜಿನ ಆಪರೇಷನ್‌ಗೆ ಸಂಘದಿಂದ ಸಾಲ ಸಿಗುತ್ತದಾ ಅಂತ ಇಬ್ಬರು ಕೇಳಿದ್ದೀರಿ. ಸಾಲ ಕೊಡುವುದು ಬಿಡುವುದು ಸಂಘದ ತೀರ್ಮಾನ. ಆದರೆ ಆಪರೇಷನ್‌ನ ಬಿಲ್ ಮಾತ್ರ ಲೆಕ್ಕ ಹಾಕಬೇಡಿ. ಆಮೇಲಿನ ತಪಾಸಣೆ, ರಕ್ತಪರೀಕ್ಷೆ, ಔಷಧಿ, ಓಡಾಟ ಇವುಗಳ ಖರ್ಚು ಜೀವನಪೂರ್ತಿ ಇದೆ. ಅದಕ್ಕೆ ದಾರಿ ಇಲ್ಲದಿದ್ದರೆ ಸಾಲ ತೆಗೆಯಬೇಡಿ ಎಂದೇ ನಾವು ಹೇಳುವುದು. ಆರೋಗ್ಯ ವಿಮೆ ಇದ್ದವರು ಪಾಲಿಸಿ ಓದಿಸಿ ನೋಡಿ. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ ಎತ್ತರಕ್ಕೆ ತೂಕದ ಸೂಚ್ಯಂಕ 40 ಅಥವಾ ಮೇಲಿದ್ದರೆ, ಇಲ್ಲವೇ 35 ಇದ್ದು ಹೃದಯದ ತೊಂದರೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥದ್ದು ಜೊತೆಗಿದ್ದರೆ, ಡಾಕ್ಟರರ ಸಲಹೆಯ ಮೇರೆಗೆ ಮಾಡುವ ಆಪರೇಷನ್ ಅನ್ನು ಬರೀ ತೂಕ ಇಳಿಸುವ ಚಿಕಿತ್ಸೆ ಎಂದು ಹೊರಗಿಡುವ ಹಾಗಿಲ್ಲ. ಕಾಯುವ ಅವಧಿ ಮುಂತಾದ ಬೇರೆ ಷರತ್ತುಗಳು ಇರುತ್ತವೆ, ಕೇಳಿ ತಿಳಿದುಕೊಳ್ಳಿ.

ಮಹಾಸಂಘದ ಕಚೇರಿಯಲ್ಲಿ ತೂಕದ ಯಂತ್ರ ಇಟ್ಟಿದ್ದೇವೆ, ಒಳಗಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಳ್ಳಬಹುದು. ಬ್ಯಾಂಡ್ ಇರುವವರು, ಬೇರೆ ಆಪರೇಷನ್ ಆದವರು ತಮ್ಮ ಕಾಗದಪತ್ರ ಹಿಡಿದುಕೊಂಡು ಬನ್ನಿ, ನಾವು ಅಥವಾ ಪ್ರೇರಕಿ ಒಟ್ಟಿಗೆ ಕೂತು ಓದಿ, ಮುಂದಿನ ತಪಾಸಣೆಯ ದಿನ ಗೊತ್ತು ಮಾಡೋಣ. ಆಸ್ಪತ್ರೆಗೆ ಒಬ್ಬರೇ ಹೋಗಲು ಹೆದರಿಕೆ ಇದ್ದರೆ ನಮ್ಮಲ್ಲಿ ಯಾರಾದರೂ ಜೊತೆಗೆ ಬರುತ್ತೇವೆ.